ಬಳ್ಳಾರಿ ಬಿಸಿಲಿಗೆ ಉಪ್ಪುನೀರಿನ ಟ್ಯಾಂಕ್ 32 ಡಿಗ್ರಿ, ಬ್ಲೂ ಟ್ಯಾಂಗ್ ಮೈಮೇಲೆ ಬಿಳಿ ಚುಕ್ಕೆ: ತಾಮ್ರದ ಔಷಧಿ ನೇರ ಟ್ಯಾಂಕಿಗೇ ಹಾಕಬಹುದಾ?

ಗುಡ್ಡದಕೆಳಗೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ತಿಳಿದವರು ದಯವಿಟ್ಟು ಬೇಗ ನೋಡಿ ಹೇಳಿ.

ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ ನೀರು ಸುಮಾರು 200 ಲೀಟರ್. ಶುರುವಾಗಿ 7 ತಿಂಗಳು. ಒಳಗಿರೋದು ಎರಡು ಕ್ಲೌನ್, ಒಂದು ಹಳದಿ ಬಾಲದ ಡ್ಯಾಮ್ಸೆಲ್, 9 ಸೆಂ.ಮೀ. ಉದ್ದದ ಒಂದು ಬ್ಲೂ ಟ್ಯಾಂಗ್, ಒಂದು ಕ್ಲೀನರ್ ಸಿಗಡಿ, ನಾಲ್ಕು ಹರ್ಮಿಟ್ ಏಡಿ.

ಇವತ್ತಿನ ಲೆಕ್ಕ: ಬೆಳಿಗ್ಗೆ 28, ಮಧ್ಯಾಹ್ನ ಮೂರು ಗಂಟೆಗೆ 32 ಡಿಗ್ರಿ. ಉಪ್ಪಿನಂಶ (ಸಾಪೇಕ್ಷ ಸಾಂದ್ರತೆ) 1.028. ಪಿಎಚ್ 8.0. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 40. ದಿನಕ್ಕೆ 3 ಲೀಟರ್‌ನಷ್ಟು ನೀರು ಇಳಿಯುತ್ತೆ. ಕಲಸಿಟ್ಟ ಉಪ್ಪುನೀರನ್ನೇ ಮೇಲಕ್ಕೆ ತುಂಬಿಸ್ತಿದೀನಿ.

ಬ್ಲೂ ಟ್ಯಾಂಗ್ ರೆಕ್ಕೆ ಮೇಲೆ ಹತ್ತು ಹನ್ನೆರಡು ಬಿಳಿ ಚುಕ್ಕೆ, ಸಣ್ಣ ರವೆ ಕಾಳಿನಂತೆ. ಕಲ್ಲಿಗೆ ಮೈ ಉಜ್ಜುತ್ತೆ. ಕಿವಿರು ನಿಮಿಷಕ್ಕೆ 130 ಸಲ ಬಡಿಯುತ್ತೆ, ಚಳಿಗಾಲದಲ್ಲಿ ಎಣಿಸಿದಾಗ 80ರ ಆಸುಪಾಸು ಇತ್ತು. ಕ್ಲೌನ್‌ಗಳ ಮೈ ಸ್ವಚ್ಛ ಇದೆ, ಊಟಾನೂ ಮಾಡ್ತಿವೆ.

ತಾಮ್ರದ ಔಷಧಿ ಕೈಯಲ್ಲಿದೆ. ಟ್ಯಾಂಕಿಗೇ ಹಾಕಿಬಿಡಲಾ? ನೀರು ತಂಪಾಗಲು ಐಸ್ ಹಾಕಬಹುದಾ? ಸಂಜೆ ಕರೆಂಟ್ ಎರಡು ಗಂಟೆ ಹೋಗುತ್ತೆ, ಆಗ ಏನೂ ಓಡೋದಿಲ್ಲ.

ತುಂಗಾತೀರ (ಮುನಿರಾಬಾದ್, ಕೊಪ್ಪಳ)

ಸರ್, ತಾಮ್ರದ ಬಾಟಲಿ ಮುಚ್ಚಳ ತೆಗೆಯಬೇಡಿ. ಆ ಟ್ಯಾಂಕಿಗೆ ಅದು ಬಿದ್ದರೆ ಸಿಗಡಿ, ಏಡಿ ಸಾಯುತ್ತವೆ. ಸುಣ್ಣದಂಶದ ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ನೀರಿನಲ್ಲಿ ಪ್ರಮಾಣ ನಿಲ್ಲುವುದಿಲ್ಲ, ಬಿಳಿ ಚುಕ್ಕೆ ತರುವ ಪರಾವಲಂಬಿ ಇಕ್ ಸಾಯುವುದಿಲ್ಲ. ಹೀರಿಕೊಂಡಿದ್ದನ್ನು ಕಲ್ಲು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ, ಮುಂದೆ ತಂದ ಸಿಗಡಿಯೂ ಉಳಿಯುವುದಿಲ್ಲ.

ಈ ರಾತ್ರಿಯ ಕೆಲಸ ಉಸಿರಿನದು. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಆಮ್ಲಜನಕ ಸುಮಾರು ಐದನೇ ಒಂದು ಪಾಲು ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 6.7 ಮಿಲಿಗ್ರಾಂ ಹಿಡಿಯುವ ಕಡಲ ನೀರು 32 ಡಿಗ್ರಿಯಲ್ಲಿ 6ರ ಹತ್ತಿರ ಮಾತ್ರ ಹಿಡಿಯುತ್ತದೆ. ಬಿಸಿ ಏರಿದಷ್ಟೂ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ನೀರಿನಲ್ಲಿ ಇರೋದು ಕಡಿಮೆ. ಅದರ ಮೇಲೆ ಕಿವಿರಿನಲ್ಲಿ ಪರಾವಲಂಬಿ ಕೂತಿದೆ. 130ರ ಲೆಕ್ಕ ಬಂದಿರುವುದು ಈ ಮೂರೂ ಸೇರಿ. ವೇವ್‌ಮೇಕರ್ (ನೀರು ತಳ್ಳುವ ಪಂಪ್) ಬಾಯಿಯನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕುದಿಯುವ ಹಾಗೆ ಕಾಣಬೇಕು. ಒಂದು ಏರ್ ಪಂಪ್ ಸೇರಿಸಿ. ಗಾಜಿನ ಮುಚ್ಚಳ ತೆಗೆದು 6 ಮಿ.ಮೀ. ಜಾಲರಿ ಹಾಕಿ. ಲೈಟ್ ಆರಿಸಿ.

ಇದು ಇಕ್ ಹೌದೋ, ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿಯೋ ಎನ್ನುವುದನ್ನೂ ಇವತ್ತೇ ನೋಡಿಕೊಳ್ಳಿ. ರವೆ ಕಾಳಿನಂತೆ ಎಣಿಸಬಹುದಾದ ಚುಕ್ಕೆ ಇದ್ದರೆ ಇಕ್. ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಹಿಡಿದಾಗ ಜರಡಿ ಹಿಡಿದ ಕಡಲೆಹಿಟ್ಟು ಉದುರಿಸಿದಂತೆ ಮೈ ತುಂಬ ಹಳದಿ ಪುಡಿ ಕಂಡರೆ, ಮೀನು ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತಿದ್ದರೆ, ಊಟ ಬಿಟ್ಟಿದ್ದರೆ ವೆಲ್ವೆಟ್. ಇಕ್ ವಾರಗಳ ಸಮಯ ಕೊಡುತ್ತದೆ, ವೆಲ್ವೆಟ್ ಎರಡು ಮೂರು ದಿನದಲ್ಲೇ ಟ್ಯಾಂಕ್ ಖಾಲಿ ಮಾಡುತ್ತದೆ. ನೀವು ಹೇಳಿದ ಪ್ರಕಾರ ಇಕ್ ಅನಿಸುತ್ತದೆ.

ಇಕ್‌ನ ಓಡಾಟ ಗೊತ್ತಿದ್ದರೆ ಚಿಕಿತ್ಸೆ ತಾನಾಗಿ ಅರ್ಥವಾಗುತ್ತದೆ. ಮೀನಿನ ಚರ್ಮದೊಳಗೆ ಅದು 3ರಿಂದ 7 ದಿನ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಬೆಳೆದ ಮೇಲೆ ಉದುರಿ ಕಲ್ಲು, ಮರಳು, ಗಾಜಿಗೆ ಅಂಟಿ ಚೀಲ ಕಟ್ಟಿಕೊಳ್ಳುತ್ತದೆ. ಆಗ ಮೀನಿನ ಮೈ ಸ್ವಚ್ಛವಾಗಿ ಕಾಣುತ್ತದೆ. ವಾಸಿಯಾಯಿತು ಎಂದು ಜನ ಔಷಧಿ ನಿಲ್ಲಿಸುವುದು, ಬೆಳ್ಳುಳ್ಳಿ ರಸದಿಂದ ಗುಣವಾಯಿತು ಎನ್ನುವುದು ಇದೇ ಗಳಿಗೆಯಲ್ಲಿ. ಒಂದೊಂದು ಚೀಲದಿಂದ ನೂರಾರು ಮರಿ ಹೊರಬಂದು ಮತ್ತೆ ಮೀನನ್ನು ಹುಡುಕುತ್ತವೆ. ತಾಮ್ರ ಕೊಲ್ಲುವುದು ಈಜುವ ಆ ಮರಿಯನ್ನು ಮಾತ್ರ. ಚರ್ಮದೊಳಗಿರುವುದಕ್ಕೂ ಚೀಲದೊಳಗಿರುವುದಕ್ಕೂ ಅದು ತಟ್ಟುವುದಿಲ್ಲ. ಹಾಗಾಗಿ ಪ್ರಮಾಣ ಒಂದು ದಿನವೂ ಕೆಳಗೆ ಇಳಿಯಬಾರದು, ಚುಕ್ಕೆ ಹೋದ ಮೇಲೂ ನಿಲ್ಲಿಸಬಾರದು.

ಬೇರೆ ಟಬ್ ಸಿದ್ಧಮಾಡಿ. 80 ಲೀಟರ್ ಹಿಡಿಯುವ ಹೊಸ ಪ್ಲಾಸ್ಟಿಕ್ ಟಬ್ ಸಾಕು, ಕೆಮಿಕಲ್ ತುಂಬಿದ್ದ ಹಳೇ ಡ್ರಮ್ ಬೇಡ. ಒಳಗೆ ಸ್ಪಂಜ್ ಫಿಲ್ಟರ್, ಏರ್ ಸ್ಟೋನ್, ಮೀನು ಅಡಗಲು ಎರಡು ಇಂಚಿನ ಪಿವಿಸಿ ಎಲ್ಬೋ ನಾಲ್ಕು. ಕಲ್ಲು, ಮರಳು, ಕಾರ್ಬನ್ ಯಾವುದೂ ಬೇಡ. ಟಬ್ಬಿನ ಉಪ್ಪಿನಂಶ ಮೊದಲ ದಿನ ಈಗಿನ ಟ್ಯಾಂಕಿನಷ್ಟೇ ಇರಲಿ.

ತಾಮ್ರ ಎರಡು ಬಗೆ, ಬಾಟಲಿ ಓದಿ ನೋಡಿ. ಬಂಧವಿಲ್ಲದ ತಾಮ್ರವಾದರೆ ಗುರಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕೀಲೇಟ್ ಮಾಡಿದ್ದಾದರೆ (ಬೇರೆ ವಸ್ತುವಿಗೆ ಕಟ್ಟಿದ ತಾಮ್ರ) 2.0ರಿಂದ 2.5, ಆ ಬಾಟಲಿ ಹೇಳಿದಷ್ಟು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಿಡಿದರೆ ಒಂದೋ ಮೀನು ಸಾಯುತ್ತದೆ, ಇಲ್ಲ ಇಕ್ ಉಳಿಯುತ್ತದೆ. ಮೊದಲ ದಿನ ಅರ್ಧ, ಮೂರನೇ ದಿನಕ್ಕೆ ಪೂರ್ತಿ. ದಿನಾ ಟೆಸ್ಟ್ ಕಿಟ್‌ನಲ್ಲಿ ನೋಡಿ. 30 ದಿನ ಅದೇ ಮಟ್ಟ. ಗೊಬ್ಬರದ ಅಂಗಡಿಯ ಮೈಲುತುತ್ತ ತೂಗಿ ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. 80 ಲೀಟರಿಗೆ 0.20 ಬರಲು ಬೇಕಾಗುವ ಮೈಲುತುತ್ತ 63 ಮಿಲಿಗ್ರಾಂ ಮಾತ್ರ, ಅಂದರೆ ಕೆಲವು ಹರಳು. ಅಡುಗೆಮನೆಯ ತಕ್ಕಡಿ ಅದನ್ನು ತೂಗುವುದಿಲ್ಲ, ಬೋರ್ಡೋ ದ್ರಾವಣಕ್ಕೆ ಮಾರುವ ಸರಕಿನಲ್ಲಿ ಬೇರೆ ಲೋಹಗಳೂ ಇರುತ್ತವೆ.

ತಾಮ್ರ ಇರುವ ಟಬ್ಬಿಗೆ ಕ್ಲೋರಿನ್ ಅಥವಾ ಅಮೋನಿಯಾ ಕಟ್ಟಿಹಾಕುವ ದ್ರಾವಣ ಹಾಕಬೇಡಿ. ಕೀಲೇಟ್ ಬಂಧ ಸಡಿಲವಾಗಿ ತಾಮ್ರ ಒಮ್ಮೆಲೇ ವಿಷವಾಗಬಹುದು.

ಕೆಂಪುಧೂಳು (ತೋರಣಗಲ್ಲು)

ಬಿಸಿಯ ವಿಷಯ ನಾನು ಹೇಳ್ತೀನಿ ಸರ್. ಬಳ್ಳಾರಿಯ ಒಣ ಹವೆ ಈ ಒಂದು ಕೆಲಸಕ್ಕೆ ನಮ್ಮ ಕಡೆಗಿದೆ. ಕರಾವಳಿಯವರಿಗೆ ಫ್ಯಾನ್‌ನಿಂದ ಅಷ್ಟು ಇಳಿಯಲ್ಲ, ನಮಗೆ 3ರಿಂದ 4 ಡಿಗ್ರಿ ಇಳಿಯುತ್ತೆ. ಒಂದು ಲೀಟರ್ ನೀರು ಆವಿಯಾದರೆ 200 ಲೀಟರ್ ಟ್ಯಾಂಕಿನಿಂದ ಸುಮಾರು 3 ಡಿಗ್ರಿಯಷ್ಟು ಶಾಖ ಎತ್ಕೊಂಡು ಹೋಗುತ್ತೆ. ಕೋಣೆ ಮತ್ತೆ ಶಾಖ ಕೊಡ್ತಾನೇ ಇರೋದರಿಂದ ಫ್ಯಾನ್ ಹಾಕಿದ ಮೇಲೆ ದಿನಕ್ಕೆ 5–6 ಲೀಟರ್ ಆವಿಯಾಗೋದು ಲೆಕ್ಕಕ್ಕೆ ಸರಿಯಾಗೇ ಇದೆ, ಹೆದರಬೇಡಿ.

ಕಂಪ್ಯೂಟರಿನ 120 ಮಿ.ಮೀ. 12 ವೋಲ್ಟ್ ಫ್ಯಾನ್ ಮೂರು ತಗೊಳ್ಳಿ. ಟ್ಯಾಂಕಿನ ಹಿಂದಿನ ಅಂಚಿಗೆ ನೀರಿನಿಂದ ನಾಲ್ಕು ಬೆರಳು ಮೇಲೆ, ಗಾಳಿ ಓರೆಯಾಗಿ ನೀರನ್ನ ಸವರಿಕೊಂಡು ಹೋಗೋ ಹಾಗೆ ಕೂರಿಸಿ. ಎಸ್‌ಟಿಸಿ-1000 ಥರದ ತಾಪಮಾನ ಕಂಟ್ರೋಲರ್ ಮೂಲಕ ಕೊಡಿ. ಕೊನೆಗೆ ನಿಲ್ಲಬೇಕಾದ್ದು 26.5, ವ್ಯತ್ಯಾಸ ಅರ್ಧ ಡಿಗ್ರಿ. ಆದರೆ ಮೊದಲ ದಿನವೇ 26.5ಕ್ಕೆ ಇಡಬೇಡಿ. ಇವತ್ತು 30, ನಾಳೆ 29, ಹೀಗೆ ದಿನಕ್ಕೆ ಒಂದು ಡಿಗ್ರಿ. ನಿಮ್ಮಲ್ಲಿ 28ರಿಂದ 32, ಒಂದೇ ದಿನದಲ್ಲಿ 4 ಡಿಗ್ರಿ ಓಲಾಡ್ತಿದೆ. ಬರೀ 32ಕ್ಕಿಂತ ಈ ಓಲಾಟವೇ ಮೀನನ್ನ ಹೆಚ್ಚು ಸುಸ್ತು ಮಾಡುತ್ತೆ. ರಾತ್ರಿ ಮಾತ್ರ ಎಸಿ ಹಾಕೋ ಕೋಣೆಯಲ್ಲಿ ಟ್ಯಾಂಕ್ ಇಟ್ಟರೂ ಇದೇ ತೊಂದರೆ.

ಮನೇಲಿ ನೀರು ಹಾಕೋ ಕೂಲರ್ ಇದ್ದರೆ ಟ್ಯಾಂಕ್ ಇರೋ ಕೋಣೆಯಲ್ಲಿ ಕಿಟಕಿ ಮುಚ್ಚಿ ಓಡಿಸಬೇಡಿ. ಕೋಣೆ ತಂಪಾಯ್ತು ಅನ್ಸುತ್ತೆ, ಆದರೆ ಗಾಳಿಯಲ್ಲಿ ತೇವ ತುಂಬಿ ಟ್ಯಾಂಕಿನ ಮೇಲಿನ ಫ್ಯಾನ್ ಕೆಲಸ ಮಾಡೋದು ನಿಲ್ಲುತ್ತೆ. ಎದುರು ಕಿಟಕಿ ತೆರೆದಿಟ್ಟರೆ ಪರವಾಗಿಲ್ಲ.

ಐಸ್ ನೇರವಾಗಿ ಬೇಡ, ಅದು ಕರಗಿ ಉಪ್ಪಿನಂಶ ಕೆಡಿಸುತ್ತೆ. ಒಂದು ಲೀಟರ್ ಬಾಟಲಿಯಲ್ಲಿ ನೀರು ಗಟ್ಟಿಮಾಡಿ, ಮುಚ್ಚಳ ಬಿಗಿದು ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ, ಅಂದರೆ ಸಂಪ್‌ನಲ್ಲಿ ತೇಲಿಬಿಡಿ. ಅಂಥ ಒಂದು ಬಾಟಲಿ ನಿಮ್ಮ 200 ಲೀಟರನ್ನ ಹೆಚ್ಚುಕಡಿಮೆ ಅರ್ಧ ಡಿಗ್ರಿ ಇಳಿಸುತ್ತೆ, ಅಷ್ಟೇ. ಕರೆಂಟ್ ಹೋದ ಗಂಟೆಗೆ ಇದು ಆಸರೆ, ದಿನಾ ಮಾಡೋ ಕೆಲಸ ಅಲ್ಲ.

ಇನ್ನು ಉಪ್ಪಿನಂಶ 1.028 ಯಾಕೆ ಬಂತು ಅಂತ ನಿಮ್ಮ ಪ್ರಶ್ನೆಯಲ್ಲೇ ಇದೆ. ಆವಿಯಾಗೋದು ನೀರು ಮಾತ್ರ, ಉಪ್ಪು ಟ್ಯಾಂಕಲ್ಲೇ ಉಳಿಯುತ್ತೆ. ಅದಕ್ಕೆ ಮತ್ತೆ ಉಪ್ಪುನೀರು ತುಂಬಿದರೆ ದಿನದಿನಕ್ಕೆ ಏರುತ್ತೆ. ಇಳಿದಷ್ಟಕ್ಕೆ ಬರೀ ಶುದ್ಧ ನೀರು ಹಾಕಿ. ಈಗಿನದನ್ನ ಸರಿಮಾಡಲು 11 ಲೀಟರ್ ಟ್ಯಾಂಕಿನ ನೀರು ತೆಗೆದು ಅಷ್ಟೇ ಆರ್‌ಒ ನೀರು ಹಾಕಿದರೆ ಸಾವಿರಕ್ಕೆ 37ರಿಂದ (1.028) 35ಕ್ಕೆ, ಅಂದರೆ 1.026ಕ್ಕೆ ಬರುತ್ತೆ. ಎರಡು ದಿನದಲ್ಲಿ ಹಂಚಿ ಮಾಡಿ. ಅದಕ್ಕೂ ಮೊದಲು ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರನ್ನ 35ರ ಮಾಪನ ದ್ರಾವಣದಿಂದ ಸರಿಹೊಂದಿಸಿ. ಬರೀ ಆರ್‌ಒ ನೀರಿಗೆ ಸೊನ್ನೆ ಮಾಡಿದ್ದು 35ರ ಹತ್ತಿರ ತಪ್ಪು ತೋರಿಸಬಹುದು.

ಕೃಷ್ಣೆಯ ದಂಡೆ (ರಾಯಚೂರು)

ನೈಟ್ರೇಟ್ 40 ಐತಿ ಅಂದ್ರಿ. ಮೇಲೆ ಹಾಕೋ ನೀರು ಯಾವುದು ಅಂತ ಒಮ್ಮೆ ನೋಡ್ರಿ. ರಾಯಚೂರು, ಕೊಪ್ಪಳ ಕಡಿ ಎಷ್ಟೋ ಬೋರ್‌ನಾಗ ಫ್ಲೋರೈಡ್, ನೈಟ್ರೇಟ್ ಎರಡೂ ಹೆಚ್ಚು. ಮನಿ ಆರ್‌ಒ ನೀರು ಅಂತ ನಂಬಿ ಹಾಕಬ್ಯಾಡ್ರಿ. ಕುಡಿಯೋ ಆರ್‌ಒದಾಗ ರುಚಿಗೆ ಅಂತ ಒಂದಿಷ್ಟು ಕಚ್ಚಾ ನೀರು ವಾಪಸ್ ಕೂಡಿಸೋ ಸಣ್ಣ ತಿರುಪು ಇರ್ತದ, ಅದನ್ನ ಪೂರಾ ಬಂದ್ ಮಾಡ್ರಿ. ಕೊನೀಗೆ ಮಿನರಲ್ ಕೂಡಿಸೋ ಕಾರ್ಟ್ರಿಜ್ ಇದ್ರ ಅದರ ಮುಂಚೇನ ಟೀ (ಪೈಪಿನ ಕವಲು) ಹಾಕಿ ನೀರು ತಗೋರಿ. ಆಮೇಲೆ ಟಿಡಿಎಸ್ (ನೀರಾಗ ಕರಗಿದ ಲವಣ) ಮೀಟರ್ ಇಡ್ರಿ. ಬೋರ್‌ನಾಗ 1200 ಇದ್ರ ಮೆಂಬ್ರೇನ್ ದಾಟಿದ ಮ್ಯಾಲೂ 50–60 ಉಳೀತದ. ಅದರ ಮುಂದ ಉಳಿದ ಲವಣ ಹೀರೋ ಒಂದು ಡಿಐ ರಾಳದ ಕಾರ್ಟ್ರಿಜ್ ಕೂಡಿಸಿದ್ರ ಸೊನ್ನಿ ಬರ್ತದ. ಮೀಟರ್ 2–3 ತೋರ್ಸಾಕ ಹತ್ತಿತು ಅಂದ್ರ ರಾಳ ಮುಗೀತು ಅಂತ ತಿಳ್ಕೋರಿ.

ಉಪ್ಪು ಕಲಸೋದು: ಲೀಟರಿಗೆ 36 ಗ್ರಾಂ ಆಸುಪಾಸು, ಪಂಪ್ ಹಾಕಿ ಒಂದು ರಾತ್ರಿ ತಿರುಗಿಸಿ, ಅಳತಿ ನೋಡಿ ಹಾಕ್ರಿ. ಸಂತಿ ಕಲ್ಲುಪ್ಪು ಸಮುದ್ರದ್ದೇ ಅಲ್ಲೇನು ಅಂತ ಕೇಳ್ತಾರ. ಉಪ್ಪಿನ ಮಡಿಯೊಳಗ ಮೊದಲು ಸುಣ್ಣ, ಜಿಪ್ಸಂ ತಳಕ್ಕ ಕೂಡ್ತಾವ, ಆಮ್ಯಾಲ ಅಡಿಗಿ ಉಪ್ಪು ಹರಳಾಗ್ತದ, ಮೆಗ್ನೀಸಿಯಂ ಇರೋ ಕಹಿ ನೀರು ಹೊರಗ ಬಿಟ್ಟುಬಿಡ್ತಾರ. ಕೈಗೆ ಬರೋದು ಬರೀ ಸೋಡಿಯಂ ಕ್ಲೋರೈಡ್. ಅದರಾಗ ಸಮುದ್ರದ ಮೀನು ಬದುಕೂದಿಲ್ಲ.

ಇನ್ನೊಂದು, ಇದನ್ನ ಯಾರೂ ಕೇಳೂದಿಲ್ಲ. ಟ್ಯಾಂಕ್ ಇರೋ ಕೋಣಿಯಾಗ ಸೊಳ್ಳಿ ಬತ್ತಿ, ಗೋಡಿಗೆ ಚುಚ್ಚೋ ಸೊಳ್ಳಿ ದ್ರವ, ಜಿರಲಿ ಸ್ಪ್ರೇ ಯಾವುದೂ ಬ್ಯಾಡ. ಅದರಾಗಿನ ಪೈರೆಥ್ರಾಯ್ಡ್ ಮನುಷ್ಯಾಗ ಅಷ್ಟು ತಟ್ಟೂದಿಲ್ಲ, ಮೀನು ಸಿಗಡಿಗೆ ಮಾತ್ರ ಬಹಳ ಕೆಟ್ಟದ್ದು. ಏರ್ ಪಂಪು, ಸ್ಕಿಮ್ಮರು (ನೊರಿ ಎಬ್ಬಿಸಿ ಕೊಳಿ ತೆಗೆಯೋದು) ಎರಡೂ ಕೋಣಿ ಗಾಳಿಯನ್ನ ಎಳದು ನೀರಿಗೆ ಕೂಡಿಸ್ತಾವ. ಓಣಿಗೆ ಫಾಗಿಂಗ್ ಗಾಡಿ ಬಂತಂದ್ರ ಕಿಟಕಿ ಮುಚ್ಚಿ, ಏರ್ ಪಂಪು, ಸ್ಕಿಮ್ಮರ್ ಒಂದು ತಾಸು ಬಂದ್ ಮಾಡಿ, ವೇವ್‌ಮೇಕರ್ ಅಷ್ಟ ಓಡಿಸ್ರಿ.

ಗುಡ್ಡದಕೆಳಗೆ (ಬಳ್ಳಾರಿ)

ಎಲ್ಲರಿಗೂ ತುಂಬಾ ಧನ್ಯವಾದ. ಟಾರ್ಚ್ ಹಿಡಿದು ನೋಡಿದೆ, ಹಿಟ್ಟಿನಂಥದ್ದು ಇಲ್ಲ, ಬರೀ ಕಾಳು. ವೇವ್‌ಮೇಕರ್ ತಿರುಗಿಸಿದ ಮೇಲೆ ಉಸಿರು 105ಕ್ಕೆ ಇಳಿದಿದೆ. ಟಬ್ ತಂದಿದೀನಿ.

ಮೂರು ಸಂದೇಹ. ಕ್ಲೌನ್‌ಗಳ ಮೈಮೇಲೆ ಏನೂ ಇಲ್ಲ, ಅವು ಟ್ಯಾಂಕಲ್ಲೇ ಇರಬಹುದಾ? ಹೊಸ ಸ್ಪಂಜ್ ಫಿಲ್ಟರ್ ಆಗಿರೋದರಿಂದ ಟಬ್ಬಿನಲ್ಲಿ ಅಮೋನಿಯಾ ಏರಲ್ವಾ? ಟ್ಯಾಂಗ್ ಜಾತಿಗೆ ತಾಮ್ರ ಆಗಿಬರಲ್ಲ ಅಂತ ಓದಿದೆ, ಬೇರೆ ದಾರಿ ಇದೆಯಾ?

ತುಂಗಾತೀರ (ಮುನಿರಾಬಾದ್, ಕೊಪ್ಪಳ)

ನಾಲ್ಕೂ ಮೀನು ಹೊರಗೆ ಬರಬೇಕು ಸರ್. ಕ್ಲೌನ್ ಮೈಯ ಲೋಳೆ ದಪ್ಪ, ಚುಕ್ಕೆ ಬೇಗ ಕಾಣುವುದಿಲ್ಲ, ಕಿವಿರಿನೊಳಗೆ ಇರುತ್ತದೆ. ಒಂದೇ ಒಂದು ಮೀನು ಉಳಿದರೂ ಇಕ್‌ಗೆ ಊಟ ಸಿಕ್ಕಿತು ಎಂದೇ ಲೆಕ್ಕ. ಸಿಗಡಿ, ಏಡಿ ಅಲ್ಲೇ ಇರಲಿ, ಇಕ್ ಅವನ್ನು ಹಿಡಿಯುವುದಿಲ್ಲ. ಚೀಲ 72 ದಿನದವರೆಗೂ ತಡೆದು ಒಡೆದ ದಾಖಲೆ ಇದೆ, ಅದಕ್ಕೇ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು. ಸಿಗಡಿಗೆ ಎರಡು ದಿನಕ್ಕೊಮ್ಮೆ ಒಂದು ಪೆಲೆಟ್ ಹಾಕಿ. ಆ ಅವಧಿಯಲ್ಲಿ ಬೇರೆ ಟ್ಯಾಂಕಿನ ಒದ್ದೆ ಕಲ್ಲು, ಬಲೆ, ನೀರು ಯಾವುದೂ ಬರಬಾರದು. ಕಡಲಿನಿಂದ ಎತ್ತಿದ ಹವಳದ ಕಲ್ಲನ್ನಂತೂ ಯಾರು ಕೊಟ್ಟರೂ ತರಬೇಡಿ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ.

ಅಮೋನಿಯಾಕ್ಕೆ: ಸಂಪ್‌ನಲ್ಲಿ ಕೂತು ಬ್ಯಾಕ್ಟೀರಿಯಾ ಬೆಳೆದ ಹಳೇ ಸ್ಪಂಜನ್ನೇ ಟಬ್ಬಿಗೆ ಹಾಕಿ. ಅದರಲ್ಲಿ ಇಕ್ ಇದ್ದರೂ ಚಿಂತೆಯಿಲ್ಲ, ಅಲ್ಲಿ ತಾಮ್ರ ಕಾಯುತ್ತಿರುತ್ತದೆ. ಅಮೋನಿಯಾ 0.25 ದಾಟಿದರೆ ಕಾಲುಭಾಗ ನೀರು ಬದಲಿಸಿ. ಹೊಸ ನೀರಿಗೂ ಮೊದಲೇ ಅಷ್ಟೇ ತಾಮ್ರ ಬೆರೆಸಿರಬೇಕು, ಇಲ್ಲದಿದ್ದರೆ ಅರ್ಧ ದಿನ ಪ್ರಮಾಣ ಬಿದ್ದು ಇಡೀ ಲೆಕ್ಕ ಮೊದಲಿನಿಂದ ಶುರು.

ಡ್ಯಾಮ್ಸೆಲ್ ಇಕ್ಕಟ್ಟಿನಲ್ಲಿ ಕಚ್ಚುತ್ತದೆ. ಟಬ್ಬಿನ ಮಧ್ಯೆ ತೂತಿನ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ ಅದನ್ನು ಬೇರೆ ಮಾಡಿ. ಟ್ಯಾಂಗ್ ಊಟ ಬಿಟ್ಟರೆ ಮಸಾಲೆ, ಎಣ್ಣೆ ಇಲ್ಲದ ನೋರಿ (ಒಣಗಿಸಿದ ಕಡಲ ಪಾಚಿ) ಹಾಳೆಯನ್ನು ಎರಡು ಬೆರಳಗಲ ಕತ್ತರಿಸಿ ಕ್ಲಿಪ್ಪಿಗೆ ಸಿಕ್ಕಿಸಿ. ಫ್ರೋಜನ್ ಮೈಸಿಸ್ (ಸಣ್ಣ ಸಿಗಡಿಯಂಥ ಆಹಾರ) ಕೊಡುವವರು ಒಂದು ನೆನಪಿಡಿ, ಕರೆಂಟ್ ಹೋಗಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಪ್ಯಾಕ್ ಎಸೆಯಬೇಕು. ಕರಗಿದ್ದು ಗೊತ್ತಾಗಲು ಪ್ಯಾಕಿನ ಮೇಲೆ ಒಂದು ಐಸ್ ಗಡ್ಡೆಯನ್ನು ಬಟ್ಟಲಲ್ಲಿ ಇಟ್ಟಿರಿ, ಅದರ ಆಕಾರ ಕೆಟ್ಟಿದ್ದರೆ ಪ್ಯಾಕೂ ಕರಗಿತ್ತು.

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬ್ಲೂ ಟ್ಯಾಂಗ್ 30 ಸೆಂ.ಮೀ.ವರೆಗೆ ಬೆಳೆಯುವ, ದಿನವಿಡೀ ಈಜುವ ಮೀನು. 4 ಅಡಿ ಅದಕ್ಕೆ ಸಾಲದು. ಇಕ್ ಮೊದಲು ಅದಕ್ಕೇ ಹತ್ತಿದ್ದರಲ್ಲಿ ಇಕ್ಕಟ್ಟಿನ ಪಾಲೂ ಇದೆ. ವಾಸಿಯಾದ ಮೇಲೆ 6 ಅಡಿ ಟ್ಯಾಂಕ್ ಇರುವವರಿಗೆ ಕೊಡುವುದು ಒಳ್ಳೆಯದು.

ಕೆಂಪುಧೂಳು (ತೋರಣಗಲ್ಲು)

ಬೇರೆ ದಾರಿ ಇದೆ, ಟ್ಯಾಂಗ್‌ಗೆ ನನ್ನ ಮಟ್ಟಿಗೆ ಅದೇ ಮೇಲು. ಟಬ್ಬಿನಿಂದ ಟಬ್ಬಿಗೆ ಬದಲಿಸೋದು, ಔಷಧಿ ಬೇಡ. ಇಕ್ ಮೀನಿನಿಂದ ಉದುರಿ ಚೀಲ ಕಟ್ಟಿ ಮತ್ತೆ ಮರಿಯಾಗಲು ಕನಿಷ್ಠ 3 ದಿನ ಬೇಕು. ಅಷ್ಟರೊಳಗೆ ಮೀನು ಬೇರೆ ನೀರಿಗೆ ಹೋಗಿದ್ದರೆ ಉದುರಿದ್ದೆಲ್ಲ ಹಿಂದೆ ಉಳಿಯುತ್ತೆ. 1ನೇ ದಿನ ಮೊದಲ ಟಬ್, ಆಮೇಲೆ 4, 7, 10, 13ನೇ ದಿನ ಬದಲಾವಣೆ. ಎರಡೇ ಟಬ್ ಸಾಕು. 72 ಗಂಟೆ ತುಂಬೋ ಮುಂಚೆ ಬದಲಿಸಬೇಕು, ಬೆಳಿಗ್ಗೆ ಹೊತ್ತು ಮಾಡಿದರೆ ಲೆಕ್ಕ ತಪ್ಪಲ್ಲ. ಹಳೇ ನೀರು ಹೊಸದಕ್ಕೆ ಹೋಗಬಾರದು, ಮೀನನ್ನ ಬಲೆಯಲ್ಲಿ ಹಿಡಿದು ಸೋರಿಸಿ ದಾಟಿಸಿ. ಖಾಲಿಯಾದ ಟಬ್, ಪೈಪು, ಬಲೆ ಎಲ್ಲ ತೊಳೆದು ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ. ನಮ್ಮ ಮೇ ತಿಂಗಳ ಬಿಸಿಲಿಗೆ ಒಂದು ಮಧ್ಯಾಹ್ನದಲ್ಲೇ ಗರಿಗರಿ ಒಣಗುತ್ತೆ, ಒಣಗಿದರೆ ಚೀಲ ಸತ್ತ ಹಾಗೇ. ಹಳೇ ಸ್ಪಂಜ್ ಇಲ್ಲಿ ಬೇಡ, ಅದರ ಜೊತೆ ಇಕ್ಕೂ ಬರುತ್ತೆ. ಬರೀ ಏರ್ ಸ್ಟೋನ್ ಹಾಕಿ, ಇಲ್ಲಿ ತಾಮ್ರ ಇಲ್ಲದ್ದರಿಂದ ಅಮೋನಿಯಾ ಕಟ್ಟೋ ದ್ರಾವಣ ಬಳಸಬಹುದು. 50 ಲೀಟರ್‌ನಂತೆ ಐದು ಸಲಕ್ಕೆ ಉಪ್ಪು 9 ಕಿಲೋ ಬೇಕು, ಮೊದಲೇ ತಂದಿಟ್ಟುಕೊಳ್ಳಿ.

ವೆಲ್ವೆಟ್‌ಗೆ ಈ ವಿಧಾನ ನಡೆಯಲ್ಲ, ಅದಕ್ಕೆ ತಾಮ್ರವೇ.

ಕರೆಂಟ್ ಬಗ್ಗೆ: ಮನೆ ಇನ್ವರ್ಟರಿಗೆ ವೇವ್‌ಮೇಕರ್, ರಿಟರ್ನ್ ಪಂಪ್ ಎರಡೂ ಕೊಡಿ. ಎರಡೂ ಸೇರಿ 35–40 ವ್ಯಾಟ್. 12 ವೋಲ್ಟ್ 150 ಎಎಚ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ ಹತ್ತು ಗಂಟೆ ಮೇಲೆ ಓಡುತ್ತೆ. ಸೈನ್ ವೇವ್ ಇನ್ವರ್ಟರ್ ಆಗಿರಲಿ. ಚೌಕ ಅಲೆಯದ್ದಕ್ಕೆ ಪಂಪ್ ಗುಂಯ್ ಅಂತ ಸದ್ದು ಮಾಡಿ ಬಿಸಿಯಾಗುತ್ತೆ, ಆ ಬಿಸಿನೂ ನೀರಿಗೇ. ಇನ್ವರ್ಟರ್ ಇಲ್ಲದಿದ್ದರೆ ಮೀನು ಸಾಗಿಸುವವರು ಬಳಸೋ ಬ್ಯಾಟರಿ ಏರ್ ಪಂಪ್ ಒಂದಾದರೂ ಇರಲಿ.

ಗುಡ್ಡದಕೆಳಗೆ (ಬಳ್ಳಾರಿ)

ಟ್ಯಾಂಗ್‌ಗೆ ಟಬ್ ಬದಲಾವಣೆ, ಉಳಿದ ಮೂರಕ್ಕೆ ತಾಮ್ರ ಅಂತ ತೀರ್ಮಾನ ಮಾಡಿದೀನಿ. ಕೊನೇ ಪ್ರಶ್ನೆ. ಮುಂದೆ ಮೀನು ತರಿಸುವಾಗ ಬೆಂಗಳೂರಿಂದ ರಾತ್ರಿ ಗಾಡಿಗೆ ಬರುತ್ತೆ, ಚೀಲದಲ್ಲಿ 12 ಗಂಟೆ. ಬಂದ ತಕ್ಷಣ ಚೀಲ ತೆರೆದು ಎರಡು ಗಂಟೆ ಹನಿಹನಿಯಾಗಿ ನೀರು ಬಿಡ್ತಿದ್ದೆ. ಆಗಲೂ ಮೀನು ಏದುಸಿರು ಬಿಡ್ತಿದ್ದವು. ಅದು ಸರೀನಾ?

ಕೃಷ್ಣೆಯ ದಂಡೆ (ರಾಯಚೂರು)

ದೂರದಿಂದ ಬಂದ ಚೀಲಕ್ಕ ಅದು ಸರಿ ಅಲ್ರಿ. ರಾತ್ರಿ ಪೂರಾ ಮೀನು ಉಸಿರು ಬಿಟ್ಟು ಚೀಲದಾಗ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಬಿದ್ದಿರ್ತದ. ಅಮೋನಿಯಾನೂ ಕೂಡಿರ್ತದ, ಆದ್ರ ಪಿಎಚ್ ಕಡಿಮಿ ಇದ್ದಾಗ ಅದು ಹೆಚ್ಚೂಕಡಿಮಿ ಪೂರಾ ಅಮೋನಿಯಂ ರೂಪದಾಗ ಇರ್ತದ, ಅಷ್ಟು ವಿಷ ಅಲ್ಲ. ಚೀಲ ಬಿಚ್ಚಿದ ಕೂಡ್ಲೇ ಆ ಗಾಳಿ ಹೊರಗ ಹೋಗಿ ಪಿಎಚ್ ಏರ್ತದ. ಪಿಎಚ್ ಒಂದು ಅಂಕಿ ಏರಿದ್ರ ವಿಷದ ಅಮೋನಿಯಾ ಪಾಲು ಹತ್ತು ಪಟ್ಟಿನ ಹತ್ರ ಏರ್ತದ. ನೀವು 8ರ ಮ್ಯಾಲಿನ ಪಿಎಚ್ ಇರೋ ನೀರನ್ನ ಹನಿ ಬಿಟ್ಟಷ್ಟೂ ಮೀನು ಆ ವಿಷದಾಗ ಎರಡು ತಾಸು ಕುಂತಂಗ.

ಹಿಂಗ ಮಾಡ್ರಿ. ಹೊರಡೂ ಮುಂಚೆ ಅಂಗಡಿಯವರಿಗೆ ಫೋನ್ ಹಚ್ಚಿ ಅವರ ನೀರಿನ ಉಪ್ಪಿನಂಶ ಕೇಳ್ರಿ. ಭಾಳ ಕಡಿ 1.018–1.020 ಇಟ್ಟಿರ್ತಾರ. ಕ್ವಾರಂಟೈನ್ ಟಬ್ ಅಷ್ಟಕ್ಕ ಸಿದ್ಧ ಮಾಡಿಡ್ರಿ. ಗಾಡಿ ಬಂದ ಮ್ಯಾಲ ಚೀಲ ಬಿಚ್ಚದ 20 ನಿಮಿಷ ಟಬ್ಬಿನ್ಯಾಗ ತೇಲಿಬಿಡ್ರಿ, ಬಿಸಿ ಸಮ ಆಗ್ತದ. ಬಿಚ್ಚಿ ಒಂದು ಹನಿ ರಿಫ್ರಾಕ್ಟೋಮೀಟರಿಗೆ ಹಾಕ್ರಿ. 0.002ರೊಳಗ ಫರಕು ಇದ್ರ ಮೀನು ಎತ್ತಿ ಸೀದಾ ಟಬ್ಬಿಗೆ ಬಿಡ್ರಿ, ಚೀಲದ ನೀರು ಬಚ್ಚಲಕ್ಕ ಚೆಲ್ರಿ. ಆಮ್ಯಾಲ ದಿನಕ್ಕ 0.001ರಂಗ ಮೇಲಕ್ಕ ತರ್ರಿ. ಆವಿಯಾದ ನೀರಿನ ಬದಲು ಉಪ್ಪುನೀರು ಹಾಕಬೇಕಾದ್ದು ಇದೊಂದ ಹೊತ್ನ್ಯಾಗ. ಬಂದ ದಿನ ಲೈಟ್ ಬ್ಯಾಡ, ಊಟ ಮರುದಿನ ಸ್ವಲ್ಪ.